ಚನಿಯಪ್ಪ ಮಾಸ್ಟ್ರು ಕಾರಿಗೆ ಬಣ್ಣ ಹೊಡೆದದ್ದು

ಮೂವತ್ತು ವರ್ಷ ಶಾಲೆಯಲ್ಲಿ ಚಿತ್ರಕಲೆ ಕಲಿಸಿದ ಕೈಗೆ ಒಂದು ಕಾರು ಯಾವ ಲೆಕ್ಕ ಎಂಬುದು ಕೋಡಿಂಬಾಳದ ಚನಿಯಪ್ಪ ಮಾಸ್ಟ್ರ ವಾದ. ಭಾನುವಾರ ಮಗ ಉಲ್ಲಾಸನಿಗೆ ಹೆಣ್ಣು ನೋಡಲು ಐವರ್ನಾಡಿಗೆ ಹೋಗುವುದಿತ್ತು. ಇದ್ದ ಬಿಳಿ ಕಾರು ಬಣ್ಣ ಎದ್ದು, ಕಜ್ಜಿ ಹಿಡಿದ ನಾಯಿಯಂತಾಗಿತ್ತು.

"ಕಾಸಿಂನ ಗ್ಯಾರೇಜಿಗೆ ಕೊಡಿ," ಎಂದರು ಹೆಂಡತಿ ಕಮಲಾವತಿ.

"ಅವನಿಗೆ ಬಣ್ಣದ ವಿಷಯ ಎಂತ ಗೊತ್ತುಂಟು?"

"ಕಾರಿನ ವಿಷಯ ಗೊತ್ತುಂಟು."

ಶನಿವಾರ ಮಾಸ್ಟ್ರು ಮೊಬೈಲಿನಲ್ಲಿ ಎರಡು ವಿಡಿಯೋ ನೋಡಿ, ಪುತ್ತೂರಿನಿಂದ ತಂದ ನೀಲಿ ಸ್ಪ್ರೇ ಡಬ್ಬಿಗಳನ್ನು ಕುಲುಕುತ್ತ ಅಂಗಳಕ್ಕಿಳಿದರು. ಮೊದಲ ಬಾಗಿಲು ಚೆನ್ನಾಗಿಯೇ ಬಂತು. ಎರಡನೆಯದರ ಹೊತ್ತಿಗೆ ಗಾಳಿ ಎದ್ದಿತು. ಅರ್ಧ ಬಣ್ಣ ಕಾರಿಗೂ ಇನ್ನರ್ಧ ಒಣಗಲು ಹಾಕಿದ್ದ ಹಲಸಿನ ಹಪ್ಪಳಕ್ಕೂ ಹಂಚಿಹೋಯಿತು. ಬಾನೆಟ್ಟಿಗೆ ದಪ್ಪವಾಗಿ ಹೊಡೆದರೆ ಅದು ಕಣ್ಣೀರಿನಂತೆ ಇಳಿಯತೊಡಗಿತು. ಹಸಿ ಬಣ್ಣಕ್ಕೆ ಧೂಳು, ತರಗೆಲೆ, ಒಂದು ಬಡಪಾಯಿ ಚಿಟ್ಟೆ ಎಲ್ಲ ಅಂಟಿಕೊಂಡವು. ಇನ್ನಷ್ಟು ಅಂಟದಿರಲೆಂದು ಮಾಸ್ಟ್ರು ಹಳೆಯ ಪೇಪರು ಹೊದಿಸಿ, ಹಾರದಂತೆ ಕಲ್ಲು ಹೇರಿದರು.

ಭಾನುವಾರ ಬೆಳಿಗ್ಗೆ ಎಳೆದರೆ ಪೇಪರು ಬರಲಿಲ್ಲ. ನೀರು ಹಾಕಿ ಉಜ್ಜಿದರು. ರಾಜಕೀಯ, ಕ್ರೀಡೆ ಎಲ್ಲ ಕಳಚಿತು. ಬಾನೆಟ್ಟಿನ ನಟ್ಟನಡುವೆ ಒಂದು ಚೌಕ ಮಾತ್ರ ಉಳಿಯಿತು: ಯಾರೋ ಹಿರಿಯರ ಫೋಟೋ, ಕೆಳಗೆ 'ಭಾವಪೂರ್ಣ ಶ್ರದ್ಧಾಂಜಲಿ'. ಉಗುರಿನಿಂದ ಕೆರೆದರೆ ಸುತ್ತಲಿನ ಬಣ್ಣ ಎದ್ದು ಬಂತು, ಹಿರಿಯರು ಅಲುಗಲಿಲ್ಲ.

ಫೋನು ಮಾಡಿ ಕರೆಸಿದ ಕಾಸಿಂ ಕಾರಿಗೆ ಒಂದು ಸುತ್ತು ಬಂದ.

"ಎಂತ ಮಾಡುದು ಕಾಸಿಂ?"

"ಇವತ್ತಿಗೆ ಎಂತದೂ ಆಗುದಿಲ್ಲ ಮಾಸ್ಟ್ರೇ. ಪೂರಾ ಕೆರೆದು ತೆಗೆಯಬೇಕು. ನಾಲ್ಕು ದಿನದ ಕೆಲಸ ಉಂಟು."

ಬಾಡಿಗೆ ಜೀಪುಗಳೆಲ್ಲ ಮದುವೆ ದಿಬ್ಬಣಕ್ಕೆ ಹೋಗಿದ್ದವು. ಬೇರೆ ದಾರಿಯಿಲ್ಲದೆ ಆ ಕಾರಿನಲ್ಲೇ ಹೊರಟರು. ಉಲ್ಲಾಸ ಹಿಂದಿನ ಸೀಟಿನಲ್ಲಿ ಮುಖ ಮುಚ್ಚಿ ಕೂತ. ಎದುರಿಂದ ಬಂದ ಬೈಕಿನವರು ವೇಗ ತಗ್ಗಿಸಿ ದಾರಿ ಬಿಟ್ಟರು. ಒಬ್ಬನಂತೂ ಹೆಲ್ಮೆಟ್ ತೆಗೆದು ತಲೆಬಾಗಿದ. ಭೂಮಿ ಬಾಯಿಬಿಡಬಾರದೇ ಎಂದು ಮಾಸ್ಟ್ರಿಗೆ ಅನಿಸಿತು.

ಐವರ್ನಾಡಿನಲ್ಲಿ ನಗುತ್ತ ಅಂಗಳಕ್ಕಿಳಿದ ಹುಡುಗಿಯ ತಾಯಿ ಹರಿಣಾಕ್ಷಿ, ಬಾನೆಟ್ ಕಂಡು ನಿಂತುಬಿಟ್ಟರು. ಸೆರಗು ಹೊದ್ದು ಕೈಮುಗಿದರು.

"ಯಾರು ತೀರಿಹೋದದ್ದು? ಮೊದಲೇ ಹೇಳಿದ್ರೆ ಇವತ್ತು ಬೇಡ ಅಂತಿದ್ದೆವು."

ಮಾಸ್ಟ್ರು ಇಳಿದು ಬಾನೆಟ್ಟಿಗೆ ಅಡ್ಡ ನಿಂತರು. ಕಮಲಾವತಿ ನಿಧಾನ ಕೆಳಗಿಳಿದು ಸೀರೆಯ ನೆರಿಗೆ ಸರಿಮಾಡಿಕೊಂಡರು.

"ತೀರಿಹೋದದ್ದು ಕಾರು ಅಕ್ಕಾ. ಇವರ ಕೈಯಲ್ಲೇ ಪ್ರಾಣ ಬಿಟ್ಟದ್ದು."