ಕಾಶಪ್ಪ ಎರಕ ಹೊಯ್ದ ಗುಂಡು

ಚಿಮ್ಮನಚೋಡದ ಕಾಶಪ್ಪನ ಶೇಂಗಾ ಹೊಲಕ್ಕೆ ಅಡವಿ ಹಂದಿಗಳು ಬೀಗರ ಹಾಗೆ ಬರುತ್ತಿದ್ದವು. ಹೊಟ್ಟೆ ತುಂಬ ತಿಂದು, ಅದರ ಎರಡರಷ್ಟು ಕೆದರಿ ಹೋಗುತ್ತಿದ್ದವು. ಕಾಶಪ್ಪನ ಹತ್ತಿರ ಅಪ್ಪನ ಕಾಲದ ಬಂದೂಕಿತ್ತು, ಬಾಯಿಯಿಂದ ಮದ್ದುಗುಂಡು ತುಂಬುವಂಥದ್ದು. ಅದಕ್ಕೆ ಮೈಸೂರು ಸರ್ಕಾರದ ಲೈಸೆನ್ಸೂ ಇತ್ತು. ಆದರೆ ಹೋದ ವಾರ ಹೊಡೆದ ಗುಂಡು ಹಂದಿಯ ಹೆಗಲಿಗೆ ಬಡಿದು, ಕುಳ್ಳಿನ ಹಾಗೆ ಚಪ್ಪಟೆಯಾಗಿ ಕೆಳಗೆ ಬಿತ್ತು. ಹಂದಿ ಯಾರು ಕರೆದರು ಅನ್ನುವಂತೆ ಒಮ್ಮೆ ತಿರುಗಿ ನೋಡಿ, ಮತ್ತೆ ಶೇಂಗಾಕ್ಕೆ ಬಾಯಿ ಹಾಕಿತು.

ಹೊಲಕ್ಕೆ ಬಂದಿದ್ದ ಹೆಂಡತಿಯ ತಮ್ಮ, ಕುಂಚಾವರಂನ ಅಂಬಾರಾಯ, ಆ ಗುಂಡನ್ನು ಉಗುರಿನಿಂದ ಕೆರೆದು ನೋಡಿದ. "ಬರೇ ಸೀಸ ಮೆತ್ತಗ ಇರ್ತದ ಮಾವ. ಒಂದೀಟು ತವರ ಕೂಡಸ್ರಿ, ಗಟ್ಟಿ ಆಗ್ತದ."

ಸಲಹೆ ಸುಲಭದ್ದೇ. ಕಷ್ಟ ಇದ್ದದ್ದು ಕಾಶಪ್ಪನ ಮರ್ಯಾದೆಯಲ್ಲಿ. ಕೊರಳಲ್ಲಿ ಲಿಂಗ ಕಟ್ಟಿದ ಮನೆತನ. ಪ್ರತಿ ಸೋಮವಾರ ಮಠದ ಮಡಿವಾಳಯ್ಯನವರು ಅವನ ಮನೆಯಲ್ಲೇ ಪ್ರಸಾದ ಮಾಡುತ್ತಿದ್ದರು. ಬಂದೂಕು ಹಂದಿ ಬೆದರಿಸಲಿಕ್ಕೆ ಅಂತ ಅವನು ಊರಿಗೆಲ್ಲ ಹೇಳಿಕೊಂಡಿದ್ದ. ಜೀವ ತೆಗೆಯಲು ಮನೆಯ ಒಲೆಯಲ್ಲೇ ಗುಂಡು ಎರಕ ಹೊಯ್ಯುತ್ತಾನೆಂದು ಗೊತ್ತಾದರೆ ಅಯ್ಯನವರು ಹೊಸ್ತಿಲು ತುಳಿಯುವುದಿಲ್ಲ. ಅದಕ್ಕೇ ಈ ಕೆಲಸ ಯಾರಿಗೂ ತಿಳಿಯಬಾರದು, ಹೆಂಡತಿಗೂ ಕೂಡ, ಎಂದು ನಿಶ್ಚಯಿಸಿಕೊಂಡ.

ಬೆಳಿಗ್ಗೆ ಹೆಂಡತಿ ಶಿವಕಾಂತಮ್ಮನನ್ನು ಕಳೆ ತೆಗೆಯಲು ಹೊಲಕ್ಕೆ ಅಟ್ಟಿ, ಕಲಾಯಿ ಹಾಕುವ ತಾಜುನ್ನಿಸಾಳ ಹತ್ತಿರ ತವರ ಕೇಳಲು ಹೋದ.

"ಪಾತ್ರಿ ತಂದಿಲ್ಲ. ಬರೇ ತವರ ಯಾಕ್ರಿ?" ಅಂದಳು ತಾಜುನ್ನಿಸಾ.

"ಔಷಧಕ್ಕ."

"ಯಾರಿಗಿ?"

"ಎಮ್ಮಿಗಿ."

ತಾಜುನ್ನಿಸಾ ತವರದ ತುಂಡು ಕೊಟ್ಟಳು. ಕಾಶಪ್ಪನ ಮನೆಯಲ್ಲಿ ಎಮ್ಮೆ ಇಲ್ಲವೆಂಬುದು ಊರಿಗೇ ಗೊತ್ತಿದ್ದ ಸಂಗತಿ.

ಮನೆಗೆ ಬಂದವನೇ ಮುಂಬಾಗಿಲು ಹಾಕಿ ಹಿತ್ತಲ ಕಡೆಯ ಅಡುಗೆ ಒಲೆ ಹೊತ್ತಿಸಿದ. ಆ ಓಣಿಯಲ್ಲಿ ಹಾಡುಹಗಲು ಬಾಗಿಲು ಹಾಕಿದರೆ, ಒಳಗೆ ಏನೋ ಇದೆ ಎಂದು ಡಂಗುರ ಹೊಡೆಸಿದ ಹಾಗೆಯೇ. ಕೆಂಡ ಕೇಳಲು ಬಂದ ಪಕ್ಕದ ಮನೆಯ ಅಮೃತಮ್ಮ, ಬಾಗಿಲು ಮುಚ್ಚಿದ್ದು ಕಂಡು ಹಿತ್ತಲಿಗೆ ಹೋಗಿ, ಕಲ್ಲಿನ ಮೇಲೆ ಕಲ್ಲಿಟ್ಟು ಗೋಡೆಯ ಮೇಲಿಂದ ಇಣುಕಿದಳು. ಕಬ್ಬಿಣದ ಸೌಟಿನಿಂದ ಬೆಳ್ಳಗೆ ಹೊಳೆಯುವುದೇನೋ ಸುರಿಯುತ್ತಿತ್ತು.

"ಕಾಶಪ್ಪಣ್ಣ, ಏನ್ ಮಾಡ್ಲಿಕತ್ತಿ?"

ಕಾಶಪ್ಪ ತಲೆ ಎತ್ತದೆ ಸೌಟು ಬಗ್ಗಿಸುತ್ತಲೇ ಇದ್ದ. "ಸಾರು, ಯಕ್ಕ."

"ಸಾರು ಹಿಂಗ ಬೆಳ್ಳಗ ಹೊಳಿತದೇನು?"

"ಮಜ್ಜಿಗಿ ಸಾರು."

"ಮಜ್ಜಿಗಿ ಸಾರು ಅಚ್ಚಿನಾಗ ಯಾಕ ಹೊಯ್ತಿ?"

ಅಮೃತಮ್ಮ ಉತ್ತರಕ್ಕೆ ಕಾಯಲಿಲ್ಲ. ಇಲ್ಲದ ಎಮ್ಮೆಯ ಔಷಧವೂ ಅಚ್ಚಿಗೆ ಹೊಯ್ದ ಮಜ್ಜಿಗೆ ಸಾರೂ ಓಣಿಯ ಬಾವಿಕಟ್ಟೆಯ ಮೇಲೆ ಒಂದಕ್ಕೊಂದು ಸಿಕ್ಕವು. ಪಕ್ಕದ ಹಳ್ಳಿಯಲ್ಲಿ ಮದುವೆ ಮನೆಯ ಬೆಳ್ಳಿ ಒಡವೆ ಕಳುವಾಗಿ ಇನ್ನೂ ವಾರ ಆಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ, ಕಾಶಪ್ಪ ಆ ಬೆಳ್ಳಿ ಕರಗಿಸುತ್ತಿರುವುದನ್ನು ಕಣ್ಣಾರೆ ಕಂಡವರು ಓಣಿಯಲ್ಲಿ ಹತ್ತಾರು ಮಂದಿ ಆಗಿದ್ದರು.

ಆ ಕಳವಿನ ತಪಾಸಣೆಗೇ ತಿರುಗುತ್ತಿದ್ದ ಪೊಲೀಸ್ ಜಮಾದಾರ ಸಂಗಣ್ಣ ಸೈಕಲ್ ಮೇಲೆ ಬಂದ. ಹಿಂದೆ ಓಣಿಯೆಲ್ಲ ಬಂತು. ಗದ್ದಲ ಕೇಳಿ ಮಡಿವಾಳಯ್ಯನವರೂ ಬಂದರು.

"ಏನ್ ಅದ ಹೊರಗ ತಗಿ," ಅಂದ ಜಮಾದಾರ.

ಕಾಶಪ್ಪ ಬಟ್ಟಲು ತಂದಿಟ್ಟ. ಅದರಲ್ಲಿ ದುಂಡಗಿನ ಗುಂಡುಗಳು ಬೆಳ್ಳಿಗಿಂತ ಹೆಚ್ಚು ಬೆಳ್ಳಿಯಾಗಿ ಹೊಳೆಯುತ್ತಿದ್ದವು. ಒಂದು ಕಡೆ ಜೈಲು, ಇನ್ನೊಂದು ಕಡೆ ಅಯ್ಯನವರು. ಎರಡನ್ನೂ ನೋಡಿ ಕಾಶಪ್ಪ, ಜೈಲಿಗಿಂತ ಅಯ್ಯನವರ ಮುನಿಸೇ ವಾಸಿ ಎಂದುಕೊಂಡ.

"ಗುಂಡು ರೀ ಸಾಹೇಬ್ರ. ಹಂದಿ ಹೊಡಿಲಿಕ್ಕಿ."

ಜಮಾದಾರ ಏನಾದರೂ ಅನ್ನುವ ಮೊದಲೇ ಮಡಿವಾಳಯ್ಯನವರು ಮುಂದೆ ಬಂದರು. "ಸುಳ್ಳು. ಇಂವ ಇರುವಿ ಕಂಡ್ರ ಸೈತ ದಾಟಿ ಹೋಗಾಂವ. ಜೀವ ತಗಿಯೂ ಮನಷ್ಯಾ ಅಲ್ಲ. ಇದಕ್ಕ ನಾ ಜಾಮೀನು."

ಇಂಥ ಒಂದು ಮಾತಿಗಾಗಿ ಕಾಶಪ್ಪ ಎಷ್ಟೋ ವರ್ಷ ಪ್ರಸಾದ ಮಾಡಿಸಿದ್ದ. ಇವತ್ತೇ ಬರಬೇಕಿತ್ತೇ ಅದು?

"ಅಯ್ಯೋರ ಮಾತು ಖರೇ ಇದ್ರ ಇದು ಗುಂಡು ಅಲ್ಲ," ಅಂದ ಜಮಾದಾರ. "ಗುಂಡು ಅಲ್ಲಂದ್ರ ಬೆಳ್ಳಿ. ನಡಿ ಠಾಣಾಕ್ಕ."

"ಬಂದೂಕಿನಾಗ ಹಾಕಿ ತೋರಿಸ್ತೀನಿ ರೀ," ಎಂದು ಕಾಶಪ್ಪ ಓಡಿಹೋಗಿ ಬಂದೂಕು ತಂದ. ಬರೀ ಸೀಸದ ಗುಂಡಾಗಿದ್ದರೆ ಬಾವಿಗೆ ಕಲ್ಲು ಬಿದ್ದಂತೆ ಇಳಿಯುತ್ತಿತ್ತು. ಇದು ನಳಿಗೆಯ ಬಾಯಲ್ಲೇ, ಮುದುಕನ ಬಾಯಿಗೆ ತುರುಕಿದ ಲಾಡುವಿನಂತೆ ಕೂತುಬಿಟ್ಟಿತು. ಕೋಲಿನಿಂದ ಗುದ್ದಿದ, ಕಲ್ಲಿನಿಂದ ಬಡಿದ. ಇಳಿಯಲಿಲ್ಲ.

"ತವರ ಕೂಡಿದ್ದಕ್ಕ ಅಚ್ಚಿನಾಗ ಕುಗ್ಗಿಲ್ಲ ರೀ. ಕೂದಲೆಳಿಯಷ್ಟು ದಪ್ಪ ಆಗ್ಯಾದ."

"ಬಂದೂಕಿನಾಗ ಹೋಗಲಾರದ ಗುಂಡು," ಅಂದಳು ಅಮೃತಮ್ಮ, "ಮಜ್ಜಿಗಿ ಸಾರಿನ ತಮ್ಮನೇ."

ಜನ ನಕ್ಕರು. ಜಮಾದಾರ ಕಾಶಪ್ಪನ ರಟ್ಟೆ ಹಿಡಿದ. ಆಗ ಕಾಶಪ್ಪ ಅಳುವ ದನಿಯಲ್ಲಿ, "ಒಂದು ಗುಂಡು ನೀವೇ ಒಲಿಮ್ಯಾಲ ಇಡ್ರಿ ಸಾಹೇಬ್ರ, ನೋಡ್ರಿ," ಅಂದ.

ಜಮಾದಾರ ಗುಂಡನ್ನು ಸೌಟಿನಲ್ಲಿ ಹಾಕಿ ಒಲೆಯ ಮೇಲಿಟ್ಟ. ಬೀಡಿ ಹಚ್ಚಿ ಮುಗಿಸುವಷ್ಟರಲ್ಲಿ ಅದು ನೀರಾಗಿ ಮಲಗಿತು. ಜಮಾದಾರ ತಲೆ ಕೆರೆದುಕೊಂಡ. "ಕಟ್ಟಿಗಿ ಒಲಿಗಿ ಬೆಳ್ಳಿ ಹಿಂಗ ಕರಗಂಗಿಲ್ಲ. ಸೀಸಾನೇ ಇದು. ಎಲ್ಲರೂ ಮನಿಗಿ ನಡೀರಿ."

ಕಾಶಪ್ಪನ ಎದೆಯ ಮೇಲಿನ ಬಂಡೆ ಇಳಿಯಿತು. ಆದರೆ ಮಡಿವಾಳಯ್ಯನವರು ಇನ್ನೂ ನಿಂತೇ ಇದ್ದರು.

"ಹಂಗಾರ ಖರೇನೇ ಗುಂಡು?"

"ಹೌದ್ರಿ ಅಪ್ಪೋರ," ಅಂದ ಕಾಶಪ್ಪ, ನೆಲ ನೋಡುತ್ತ.

"ಸೋಮವಾರ ನನ್ನ ದಾರಿ ನೋಡಬ್ಯಾಡ," ಎಂದಷ್ಟೇ ಹೇಳಿ ಅವರು ನಡೆದುಬಿಟ್ಟರು.

ಸಂಜೆ ಶಿವಕಾಂತಮ್ಮ ಹೊಲದಿಂದ ಬಂದಳು. ಓಣಿಯ ಮಂದಿ ದಾರಿಯಲ್ಲೇ ಎಲ್ಲ ಹೇಳಿದ್ದು ಅವಳ ಮುಖದಲ್ಲೇ ಕಾಣುತ್ತಿತ್ತು. ಅಯ್ಯನವರು ಮುನಿದದ್ದಕ್ಕೆ, ಒಲೆ ಮೈಲಿಗೆ ಆದದ್ದಕ್ಕೆ ಬೈಗುಳ ತಿನ್ನಲು ಕಾಶಪ್ಪ ಮೈ ಗಟ್ಟಿ ಮಾಡಿಕೊಂಡ. ಅವಳು ಬಯ್ಯಲಿಲ್ಲ. ಬಿಸಿ ರೊಟ್ಟಿ ಬಡಿದು, ಎಣ್ಣೆಗಾಯಿ ನೀಡಿ, ಕೇಳದೆಯೇ ತುಪ್ಪ ಹಾಕಿದಳು. ಕಾಶಪ್ಪನ ಕಣ್ಣು ತುಂಬಿ ಬಂತು. ಇಡೀ ಊರಲ್ಲಿ ಇವಳೊಬ್ಬಳಾದರೂ ತನ್ನ ಕಡೆ ಇದ್ದಾಳೆ ಅನ್ನಿಸಿತು.

"ಶಿವಕಾಂತಿ, ನಿನ್ನಾಣಿ. ಅವು ಗುಂಡೇ."

"ಮಂದಿ ಮುಂದ ಹಂಗೇ ಹೇಳ್ರಿ." ಅವಳು ಎದ್ದು ಬಾಗಿಲ ಅಗಳಿ ಹಾಕಿ, ಹತ್ತಿರ ಬಂದು ಕುಂತಳು. "ಜಮಾದಾರಗ ಬರೋಬ್ಬರಿ ಸೀಸದ್ದೇ ಆರಿಸಿ ಕೊಟ್ರಂತ. ನೀವು ಇಷ್ಟು ಶ್ಯಾಣ್ಯಾ ಅಂತ ನನಗ ತಿಳಿದಿರಲಿಲ್ಲ. ಯಾರ ಮನಿ ಬೆಳ್ಳಿ, ಎಲ್ಲಿಟ್ಟೀರಿ, ಒಂದೂ ಕೇಳಂಗಿಲ್ಲ. ನನ್ನ ನಡಕ್ಕೊಂದು ಬೆಳ್ಳಿ ಡಾಬು ಆಗಬೇಕು."

"ಬೆಳ್ಳಿ ಅನ್ನೂದೇ ಇಲ್ಲಲ್ಲ, ಮಾರಾಯ್ತಿ."

ಶಿವಕಾಂತಮ್ಮ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

"ಉಣ್ರಿ. ಹುಣ್ಣಿಮಿತನಕ ನೋಡ್ತೀನಿ. ಡಾಬು ಬರಲಿಲ್ಲಂದ್ರ ಜಮಾದಾರಗ ನಾನೇ ಹೇಳ್ತೀನಿ."