ಕೊಂಬೆಗೆ ಕಟ್ಟಿದ ಬ್ಯಾಂಡೇಜು

ಹಲ್ಲಿನ ಆಸ್ಪತ್ರೆಯ ಕಿಟಕಿ ಪಕ್ಕದ ಬೋನ್ಸಾಯ್ ಮರದ ಧೂಳು ಒರೆಸಬೇಕು ಅಂತ ಚೀಟಿ ಅಕ್ಕನಿಗೆ ಆ ದಿನವೇ ಯಾಕೆ ಅನ್ನಿಸಿತೋ ದೇವರಿಗೇ ಗೊತ್ತು. ಹನ್ನೊಂದು ವರ್ಷ ಅದರ ಪಕ್ಕದಲ್ಲೇ ಕೂತು ಪೇಷಂಟುಗಳಿಗೆ ಚೀಟಿ ಬರೆದುಕೊಟ್ಟವಳು, ಒಂದು ದಿನವಾದರೂ ಆ ಕಡೆ ಕಣ್ಣೆತ್ತಿ ನೋಡಿದ್ದರೆ ಕೇಳಿ. ಆಸ್ಪತ್ರೆ ಹೊಸ ಕಟ್ಟಡಕ್ಕೆ ಹೋಗುವ ದಿನ ಬಂತು ನೋಡಿ, ಎಲ್ಲಿಲ್ಲದ ಪ್ರೀತಿ ಉಕ್ಕಿಬಿಟ್ಟಿತು. ಒದ್ದೆ ಬಟ್ಟೆ ಹಿಡಿದು ಬಂದು ಕುಂಡವನ್ನು ಗಿರಕ್ಕನೆ ತಿರುಗಿಸಿದಳು. ಹಿಂಬದಿಯ ಕೊಂಬೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಗಂಟೊಂದು ಕೂತಿತ್ತು. ಕಪ್ಪು ಪ್ಲಾಸ್ಟಿಕ್ ಸುತ್ತಿ, ಎರಡೂ ತುದಿಗೆ ತೆಳ್ಳನೆ ತಂತಿ ಬಿಗಿದಿತ್ತು.

ತಂತಿ ನೋಡಿದ ಕೂಡಲೇ ಇದು ಯಾರ ಕೈಕೆಲಸ ಅಂತ ಅಕ್ಕನಿಗೆ ಗೊತ್ತಾಯಿತು. ಅಂಥ ತಂತಿ ಇದ್ದದ್ದು ಒಳಗಿನ ಕೋಣೆಯಲ್ಲಿ ಕಟ್ಟುಹಲ್ಲು ಮಾಡುವ ಹಲ್ಲುಮೇಸ್ತ್ರಿಯ ಹತ್ತಿರ ಮಾತ್ರ. ಆಕೆ ಅಲ್ಲಿಂದಲೇ ಕೂಗಿ ಕರೆದಳು.

ಮೇಸ್ತ್ರಿ ಪ್ಲಾಸ್ಟರ್ ಮೆತ್ತಿದ ಕೈಯಲ್ಲೇ ಓಡಿಬಂದ. ಕುಂಡ ತಿರುಗಿದ್ದು ನೋಡಿ ಅವನ ಜೀವ ಬಾಯಿಗೆ ಬಂತು. ಪಾಪ, ಸುಳ್ಳು ಹೇಳಿ ಅಭ್ಯಾಸ ಇಲ್ಲದ ಮನುಷ್ಯ. ಮೊದಲು ತಲೆ ಕೆರೆದುಕೊಂಡ, ಆಮೇಲೆ ಎರಡು ತಿಂಗಳ ಹಿಂದೆ ಕೊಂಬೆ ಸೀಳಿತ್ತು, ಬ್ಯಾಂಡೇಜು ಕಟ್ಟಿದ್ದೇನೆ ಅಂದ. ಹಲ್ಲಿನ ಆಸ್ಪತ್ರೆಯಲ್ಲಿ ನಿಂತು ಬ್ಯಾಂಡೇಜು ಅನ್ನುವ ಮಾತು ಆಡಬಾರದಿತ್ತು.

ನಿಜ ಸಂಗತಿ ಇಷ್ಟು. ಆ ಅತ್ತಿ ಮರ ಡಾಕ್ಟರಮ್ಮನ ತಂದೆಯದು. ಮೊಣಕೈ ಉದ್ದದ ಮರ, ಮುದುಕರ ಕಾಲಿನ ಹಾಗೆ ಗಂಟುಗಂಟು ಬುಡ, ಮೇಲೆ ಉಗುರಗಲದ ಎಲೆಗಳು. ಹನ್ನೊಂದು ವರ್ಷ ಅದಕ್ಕೆ ನೀರು ಹಾಕಿದ್ದು, ಬಿಸಿಲಿಗೆ ಸರಿಸಿದ್ದು, ಚಿಗುರು ಚಿವುಟಿದ್ದು ಎಲ್ಲ ಹಲ್ಲುಮೇಸ್ತ್ರಿಯೇ. ಒಂದು ಸಲ, ಒಂದೇ ಒಂದು ಸಲ, ಒಂದು ಕೊಂಬೆ ತೆಗೆದುಕೊಳ್ಳಲಾ ಅಂತ ಕೇಳಿದ್ದ. ಅಪ್ಪನ ಕೈಯಾಡಿದ ಮರ, ಚಿಗುರು ಬಿಟ್ಟು ಬೇರೇನೂ ಮುಟ್ಟಬೇಡಿ ಅಂದುಬಿಟ್ಟಿದ್ದರು ಡಾಕ್ಟರಮ್ಮ. ಈಗ ಹೊಸ ಕಟ್ಟಡದಲ್ಲಿ ಕಿಟಕಿಯೇ ಇಲ್ಲ. ಸಾಮಾನೆಲ್ಲ ಲಾರಿಯಲ್ಲಿ ಬರಲಿ, ಮರದ ವಿಚಾರ ಮಾತ್ರ ಸಂಜೆ ಐದಕ್ಕೆ ನಾನೇ ಬಂದು ನೋಡಿಕೊಳ್ಳುತ್ತೇನೆ ಅಂತ ಅವರು ಹೇಳಿ ಹೋಗಿದ್ದರು. ಅಂದರೆ ಮರ ಅವರ ಮನೆಗೆ ಹೋಯಿತು, ಇನ್ನು ಕಣ್ಣಿಗೂ ಬೀಳುವುದಿಲ್ಲ ಅಂತಲೇ ಅರ್ಥ ತಾನೇ.

ಆಸ್ಪತ್ರೆ ಜಾಗ ಬದಲಾಯಿಸುವ ಸುದ್ದಿ ಎರಡು ತಿಂಗಳ ಹಿಂದೆಯೇ ಕಿವಿಗೆ ಬಿದ್ದಿತ್ತು. ಅವತ್ತೇ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಮೇಸ್ತ್ರಿ ಹಿಂಬದಿಯ ಕೊಂಬೆಯೊಂದರ ತೊಗಟೆಯನ್ನು ಉಂಗುರದ ಹಾಗೆ ಸುತ್ತಲೂ ಸುಲಿದ. ಹಲ್ಲಿನ ಕಿಟ್ಟ ಕೆರೆಯುವ ಕೊಕ್ಕೆಯಿಂದ ಅಲ್ಲಿದ್ದ ಹಸಿರನ್ನೆಲ್ಲ ಕೆರೆದು, ಒದ್ದೆ ಪಾಚಿ ಮೆತ್ತಿ, ಪ್ಲಾಸ್ಟಿಕ್ ಸುತ್ತಿ ಕಟ್ಟಿದ. ಎಲೆಯಿಂದ ಇಳಿಯುವ ರಸ ಆ ಉಂಗುರ ದಾಟಲಾರದೆ ಅಲ್ಲೇ ನಿಲ್ಲುತ್ತದೆ, ಕೊಂಬೆ ಆ ಜಾಗದಲ್ಲಿ ಬೇರು ಬಿಡುತ್ತದೆ. ಬೇರಿನ ಕೆಳಗೆ ಕತ್ತರಿಸಿ ನೆಟ್ಟರೆ ಕೊಂಬೆಯೇ ಒಂದು ಪುಟ್ಟ ಮರ. ಎರಡು ತಿಂಗಳು ಆತ ದಿನಾ ಸಿರಿಂಜಿನಲ್ಲಿ ಪಾಚಿಗೆ ನೀರು ಕುಡಿಸಿದ. ಜೀವಮಾನವಿಡೀ ಊರಿನವರ ಬಾಯಿಗೆಲ್ಲ ಹಲ್ಲು ಮಾಡಿಕೊಟ್ಟವನಿಗೆ ತನ್ನದು ಅಂತ ಒಂದು ಮರ ಬೇಕಿತ್ತು, ಅಷ್ಟೇ. ಕತ್ತರಿಸುವುದಕ್ಕೆ ಉಳಿದದ್ದು ಇವತ್ತು ಒಂದೇ ದಿನ.

ಚೀಟಿ ಅಕ್ಕ ಸುಮ್ಮನಿರುವ ಜಾತಿಯಲ್ಲ. ಹತ್ತು ನಿಮಿಷದಲ್ಲಿ ಕೆಳಗಿನ ಔಷಧಿ ಅಂಗಡಿಯವನಿಗೆ ಸುದ್ದಿ ಮುಟ್ಟಿತು. ಅವನು ಗಾಯದ ಮುಲಾಮು, ಹೊಸ ಪಟ್ಟಿ ಎರಡನ್ನೂ ಹಿಡಿದು ಮೆಟ್ಟಿಲು ಹತ್ತಿ ಬಂದ. ಎರಡು ತಿಂಗಳು ಒಂದೇ ಪಟ್ಟಿ ಇಟ್ಟರೆ ಕೀವಾಗುತ್ತೆ ಅಂತ ಅವನ ವಾದ. ಕಟ್ಟುಹಲ್ಲು ಸಡಿಲ ಅಂತ ವಾರಕ್ಕೆ ಮೂರು ಸಲ ಬರುವ ತಾತ ಬೇರೆ ಅಲ್ಲೇ ಬೆಂಚಿನ ಮೇಲಿದ್ದರು. ತಂತಿ ಬಿಗಿಯಾಯಿತು, ರಕ್ತ ಓಡಲ್ಲ ಅಂತ ಅವರದೂ ಒಂದು ಸೇರಿತು. ಮೇಸ್ತ್ರಿ ಮುಟ್ಟಬೇಡಿ ಮುಟ್ಟಬೇಡಿ ಅನ್ನುತ್ತಾ ಕೈ ಅಡ್ಡ ಹಿಡಿದ. ಅಷ್ಟರಲ್ಲಿ ಲಾರಿಯವರು ಬಂದು ಪ್ಲಾಸ್ಟರ್ ಚೀಲ ಯಾವುದು ತೋರಿಸಿ ಅಂತ ಅವನನ್ನು ಒಳಗೆ ಎಳೆದುಕೊಂಡು ಹೋದರು.

ವಾಪಸ್ ಬಂದು ನೋಡುತ್ತಾನೆ, ಪ್ಲಾಸ್ಟಿಕ್ ನೆಲದ ಮೇಲೆ ಬಿದ್ದಿದೆ. ಮೂರು ತಲೆಗಳು ಕೊಂಬೆಯ ಮೇಲೆ ಬಾಗಿವೆ.

"ಮೇಸ್ತ್ರಿ, ಹುಳ ಬಿದ್ದಿದೆ," ಅಂದಳು ಅಕ್ಕ. "ಬೆಳ್ಳಗೆ, ಉದ್ದುದ್ದ. ಪೂರ್ತಿ ತುಂಬಿಕೊಂಡಿವೆ."

ಔಷಧಿ ಅಂಗಡಿಯವನು ಜಂತುಹುಳಕ್ಕೆ ಒಳ್ಳೆ ಸಿರಪ್ ಇದೆ, ತರಲಾ ಅಂತ ಕೇಳಿದ. ಅಕ್ಕ ಆಗಲೇ ಟ್ರೇಯಿಂದ ಚಿಮಟ ಎತ್ತಿಕೊಂಡು ಮೊದಲ ಹುಳದ ಬಾಲಕ್ಕೆ ಗುರಿ ಇಟ್ಟಿದ್ದಳು. ಮೇಸ್ತ್ರಿ ಹಾರಿ ಬಂದು ಅವಳ ಕೈ ಹಿಡಿದ.

"ಹುಳ ಅಲ್ಲ ಅಕ್ಕ, ಬೇರು ಅದು. ನನ್ನ ಬೇರು."

ಇನ್ನು ಮುಚ್ಚಿಡುವುದಕ್ಕೆ ಏನು ಉಳಿದಿತ್ತು? ಬೆಂಚಿನ ತುದಿಗೆ ಕೂತು ಎಲ್ಲ ಹೇಳಿಬಿಟ್ಟ. ಈ ಬೇರು ನೋಡಿ ಎಷ್ಟು ಖುಷಿ ಪಡಬೇಕಿತ್ತೋ ಅಷ್ಟು ಪಡೋಕೂ ಬಿಡಲಿಲ್ಲವಲ್ಲ ನೀವು ಅಂದ. ಮೂವರಿಗೂ ಪಿಚ್ಚೆನಿಸಿತು. ತಾತ ಕಟ್ಟುಹಲ್ಲು ತೆಗೆದು ಕರ್ಚೀಫಿಗೆ ಸುತ್ತಿ ಜೇಬಿಗಿಟ್ಟು, ಸಾಯೋವರೆಗೂ ಬಾಯಿ ಬಿಡಲ್ಲ ಅಂತ ಮಾತು ಕೊಟ್ಟರು. ಔಷಧಿ ಅಂಗಡಿಯವನು ಮೇಸ್ತ್ರಿಯ ಬೆನ್ನು ತಟ್ಟಿದ. ಅಕ್ಕ ನಿನ್ನ ಪರವಾಗಿ ನಾನಿದ್ದೀನಿ ಅಂದಳು. ಮೇಸ್ತ್ರಿಯ ಕಷ್ಟಕಾಲ ಶುರುವಾದದ್ದು ನಿಜವಾಗಿ ಇಲ್ಲಿಂದ.

ಯಾಕೆಂದರೆ ಮೂವರೂ ಸಹಾಯಕ್ಕೆ ನಿಂತರು. ಪ್ಲಾಸ್ಟರ್ ಅಚ್ಚು ಕೊಯ್ಯುವ ಸಣ್ಣ ಗರಗಸದಿಂದ ಮೇಸ್ತ್ರಿ ಬೇರಿನ ಕೆಳಗೆ ಕೊಯ್ಯತೊಡಗಿದ. ಅಕ್ಕ ಕೊಂಬೆ ಹಿಡಿದಳು, ಅಂಗಡಿಯವನು ಟಾರ್ಚ್ ಹಿಡಿದ, ತಾತ ನಿಧಾನ ನಿಧಾನ ಅಂತ ಕಿವಿಯ ಹತ್ತಿರ ಜಪ ಮಾಡಿದರು. ಕೊಂಬೆ ಕಳಚಿತು. ಕಡಿದ ಜಾಗದಿಂದ ಬೆಳ್ಳನೆ ಹಾಲು ತೊಟ್ಟಿಕ್ಕಿತು. ಅಂಗಡಿಯವನು ಹತ್ತಿ ಒತ್ತಿ ಹಿಡಿದ, ಹತ್ತಿ ಅಲ್ಲೇ ಅಂಟಿಕೊಂಡಿತು. ಎಳೆದರೆ ಅರ್ಧ ಬಂತು, ಇನ್ನರ್ಧ ಮರಕ್ಕೆ ಗಡ್ಡವಾಗಿ ಉಳಿಯಿತು.

ಗಾಯ ಮುಚ್ಚಬೇಕು, ಬೇಗ. ಕೈಗೆ ಸಿಕ್ಕಿದ್ದು ಕಟ್ಟುಹಲ್ಲಿಗೆ ಬಳಸುವ ಮೇಣ ಒಂದೇ. ಅಕ್ಕ ಅದನ್ನು ಲೈಟರಿನಲ್ಲಿ ಕರಗಿಸಿ ಮೆತ್ತಿದಳು. ಆ ಮೇಣದ ಬಣ್ಣ ಗುಲಾಬಿ ಅನ್ನುವುದು ಮೆತ್ತಿದ ಮೇಲೆ ಎಲ್ಲರಿಗೂ ಹೊಳೆಯಿತು. ಮರಕ್ಕೆ ಒಸಡು ಬಂದ ಹಾಗಾಯಿತು ಅಂದರು ತಾತ. ಮೇಸ್ತ್ರಿ ಕುಂಡದ ಮಣ್ಣು ತೆಗೆದು ಆ ಒಸಡಿಗೆ ಉಜ್ಜಿ ಉಜ್ಜಿ ಕಂದು ಬಣ್ಣ ತಂದ. ಕುಂಡವನ್ನು ಮೊದಲಿನ ಹಾಗೆ ತಿರುಗಿಸಿ ಇಟ್ಟಾಗ, ನಿಜ ಹೇಳಬೇಕೆಂದರೆ, ಏನೂ ಕಾಣುತ್ತಿರಲಿಲ್ಲ.

ಕೊಂಬೆಯನ್ನು ಅವನು ಮನೆಯಿಂದ ತಂದಿದ್ದ ಅಂಗೈಯಗಲದ ತಟ್ಟೆಕುಂಡದಲ್ಲಿ ನೆಟ್ಟ. ಬೇರು ಒಂದೂ ಮುರಿಯದ ಹಾಗೆ ಪಾಚಿಯ ಸಮೇತ ಕೂರಿಸಿ, ಮಣ್ಣು ಉದುರಿಸಿ, ಅಲ್ಲಾಡದ ಹಾಗೆ ತಂತಿ ಬಿಗಿದ. ಗೇಣುದ್ದದ ಮರ, ಎಡಕ್ಕೆ ಸ್ವಲ್ಪ ವಾಲಿಕೊಂಡು, ಗಾಳಿಗೆ ಬೆನ್ನು ಕೊಟ್ಟು ನಿಂತ ಹಾಗಿತ್ತು. ಮೇಸ್ತ್ರಿಗೆ ಕಣ್ಣು ತುಂಬಿ ಬಂತು. ಮೂವರೂ ಮಗು ನೋಡೋಕೆ ಬಂದವರ ಹಾಗೆ ಸುತ್ತ ನಿಂತು, ಎಷ್ಟು ಚೆನ್ನಾಗಿದೆ ಅಂದರು.

ಬಚ್ಚಿಡುವುದು ಎಲ್ಲಿ ಅನ್ನುವ ಪ್ರಶ್ನೆ ಬಂದದ್ದು ಆಮೇಲೆ. ಬೀರು ಹೋಗಿತ್ತು, ಮೇಜು ಹೋಗಿತ್ತು, ಪರದೆ ಕೂಡ ಲಾರಿ ಹತ್ತಿತ್ತು. ಆಸ್ಪತ್ರೆಯಲ್ಲಿ ಉಳಿದದ್ದು ಬೆಂಚು, ದೊಡ್ಡ ಮರ, ನೆಲಕ್ಕೆ ಬೋಲ್ಟು ಹಾಕಿದ ಹಲ್ಲು ಕೀಳುವ ಕುರ್ಚಿ, ಅಷ್ಟೇ. ಅಂಗಡಿಯಲ್ಲಿ ಇಡ್ತೀನಿ ಕೊಡಿ ಅಂದ ಔಷಧಿಯವನು. ಬೇಡ, ನಿನ್ನ ಅಂಗಡಿಗೆ ಡಾಕ್ಟರಮ್ಮ ಹೋಗೇ ಹೋಗ್ತಾರೆ ಅಂದಳು ಅಕ್ಕ. ಟೋಪಿಯ ಕೆಳಗೆ ಇಟ್ಟುಕೊಳ್ಳಲಾ ಅಂತ ತಾತ ಕೇಳಿದರು. ಈ ಚರ್ಚೆ ಮುಗಿಯುವ ಮೊದಲೇ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಗಂಟೆ ಇನ್ನೂ ನಾಲ್ಕೂಕಾಲು. ಮೇಸ್ತ್ರಿ ಗಾಬರಿಯಲ್ಲಿ ಪುಟ್ಟ ಕುಂಡವನ್ನು ಹಲ್ಲು ಕೀಳುವ ಕುರ್ಚಿಯ ಮೇಲಿಟ್ಟು ಅದರ ಮುಂದೆ ನಿಂತುಕೊಂಡ.

ಡಾಕ್ಟರಮ್ಮ ಒಳಗೆ ಬಂದವರೇ ದೊಡ್ಡ ಮರದ ಹತ್ತಿರ ಹೋಗಿ ಎಲೆ ಸವರಿದರು. ಒಸಡು ಕಾಣಲಿಲ್ಲ. ಮೇಸ್ತ್ರಿ ಉಸಿರು ಬಿಟ್ಟ. ಆಮೇಲೆ ಅವರು ತಿರುಗಿದರು. ಮೇಸ್ತ್ರಿಯ ಸೊಂಟದ ಪಕ್ಕದಿಂದ ನಾಲ್ಕು ಹಸಿರು ಎಲೆ ಇಣುಕುತ್ತಿದ್ದವು.

"ಅದೇನು ಮೇಸ್ತ್ರಿಗಳೇ, ನಿಮ್ಮ ಹಿಂದೆ?"

ಮೇಸ್ತ್ರಿಯ ಮನಸ್ಸಿನಲ್ಲಿ ಒಂದೇ ಒಂದು ಯೋಚನೆ ಬಂತು, ಹೇಳಿಬಿಡೋಣ ಅಂತ. ತಪ್ಪಾಯಿತು ಅಮ್ಮಾ ಅನ್ನೋಣ, ಬೈಯಲಿ, ಹನ್ನೊಂದು ವರ್ಷದ ಮುಖ ನೋಡಿ ಕ್ಷಮಿಸಿದರೂ ಕ್ಷಮಿಸಿಯಾರು. ಬಾಯಿ ತೆರೆದೂ ತೆರೆದ. ಅಷ್ಟರಲ್ಲಿ ಅವನ ಪರವಾಗಿ ನಿಂತಿದ್ದ ಅಕ್ಕ ಮುಂದೆ ಬಂದಳು.

"ಅವರದೇ ಮೇಡಂ. ನರ್ಸರಿಯಿಂದ ತಂದ್ರು. ಬೆಳಿಗ್ಗೆ ತಾನೇ ತಂದದ್ದು."

ಹೌದು ಹೌದು, ಬೆಳಿಗ್ಗೆ ತಾನೇ, ನಾನೇ ಕಣ್ಣಾರೆ ನೋಡಿದೆ ಅಂದ ಔಷಧಿ ಅಂಗಡಿಯವನು. ತಾತ ಬೊಚ್ಚು ಬಾಯಲ್ಲಿ ಏನೋ ಹೇಳಿ ತಲೆ ಆಡಿಸಿದರು. ಮೂರು ಜನ ಸಾಕ್ಷಿ ನಿಂತ ಮೇಲೆ ಮೇಸ್ತ್ರಿ ಏನು ಮಾಡಬೇಕು? ಅವನೂ ತಲೆ ಆಡಿಸಿದ.

ಡಾಕ್ಟರಮ್ಮ ಬೆಂಚಿನ ಮೇಲೆ ಕೂತು ಒಂದು ನಿಟ್ಟುಸಿರು ಬಿಟ್ಟರು. ಆಮೇಲೆ ನಕ್ಕರು.

"ಛೆ, ನಾನೇ ತಡ ಮಾಡಿದೆ. ಅಪ್ಪನ ಮರಾನ ಇವತ್ತು ನಿಮಗೇ ಕೊಡೋಣ ಅಂತ ಬಂದೆ ಮೇಸ್ತ್ರಿಗಳೇ. ನಮ್ಮ ಮನೆ ಕಿಟಕಿಯಲ್ಲಿ ಅದು ಹಿಡಿಸಲ್ಲ. ಅಲ್ದೆ ಒಂದು ಕೊಂಬೆ ಕೂಡ ಮುಟ್ಟದೆ ಹನ್ನೊಂದು ವರ್ಷ ಕಾಪಾಡಿದವರಿಗೆ ಕೊಡದೆ ಇನ್ಯಾರಿಗೆ ಕೊಡಲಿ?"

ಮೇಸ್ತ್ರಿಯ ಮುಖದಲ್ಲಿ ಸಂತೋಷ ಇನ್ನೂ ಮೂಡುತ್ತಿರುವಾಗಲೇ ಡಾಕ್ಟರಮ್ಮ ಮಾತು ಮುಂದುವರಿಸಿದರು. ಈಗ ನಿಮಗೇ ಅಂತ ಒಂದು ಬಂತಲ್ಲ, ಇನ್ನೊಂದನ್ನ ನಿಮ್ಮ ತಲೆಗೆ ಕಟ್ಟೋದು ಸರಿಯಲ್ಲ ಅಂದರು. ಇದನ್ನು ಇಷ್ಟಪಟ್ಟು ಇಟ್ಟುಕೊಳ್ಳುವವರು ಬೇರೆ ಯಾರಾದರೂ ಇದ್ದಾರೋ ಅಂತ ಸುತ್ತ ನೋಡಿದರು.

"ನಾನಿದ್ದೀನಲ್ಲ ಮೇಡಂ," ಅಂದ ಔಷಧಿ ಅಂಗಡಿಯವನು. "ಅಂಗಡಿ ಬಾಗಿಲಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತೆ." ಹೇಳುವಾಗ ಮೇಸ್ತ್ರಿಯ ಕಡೆ ಮಾತ್ರ ನೋಡಲಿಲ್ಲ. ಬೆಳಗಿನಿಂದ ಅದೇ ಮರದ ಮೇಲೆ ಕೈಯಾಡಿಸಿ ಅವನಿಗೂ ಆಸೆ ಹುಟ್ಟಿಬಿಟ್ಟಿತ್ತು.

ಮೇಸ್ತ್ರಿ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಈ ಪುಟ್ಟದು ಅದರದೇ ಕೊಂಬೆ ಅನ್ನಬೇಕು. ಹಾಗಂದುಬಿಟ್ಟರೆ ಮುಟ್ಟದೆ ಕಾಪಾಡಿದವನು ಅನ್ನುವ ಹೆಸರಿನ ಜೊತೆಗೆ ಮರವೂ ಹೋಗುತ್ತದೆ. ಅನ್ನದಿದ್ದರೆ ಮರ ಒಂದೇ ಹೋಗುತ್ತದೆ. ಹೋಗಲಿ, ಕೈಯಲ್ಲಿ ಚಿಕ್ಕದಾದರೂ ಉಳಿಯಿತಲ್ಲ ಅಂತ ಎದೆ ಗಟ್ಟಿ ಮಾಡಿಕೊಂಡ.

ಡಾಕ್ಟರಮ್ಮ ಕುರ್ಚಿಯ ಹತ್ತಿರ ಬಂದು ಬಾಗಿ ನೋಡುತ್ತಿದ್ದರು. ಅವರ ಕಣ್ಣು ಒದ್ದೆಯಾಗಿತ್ತು.

"ನಾನು ಚಿಕ್ಕವಳಿದ್ದಾಗ ಅಪ್ಪನ ಮರ ಹೀಗೇ ಇತ್ತು. ಇದೇ ಎಲೆ, ಇದೇ ವಾಲು. ನಮ್ಮ ಕಿಟಕಿಗೆ ಇದು ಸರಿಯಾಗಿ ಹಿಡಿಸುತ್ತೆ." ಆಮೇಲೆ ಸಂಕೋಚದಿಂದಲೇ ಕೇಳಿದರು. "ನೀವು ನರ್ಸರಿಯಿಂದ ಇನ್ನೊಂದು ತಂದುಕೊಳ್ಳಬಹುದಲ್ವಾ?"

ಮೇಸ್ತ್ರಿ ಅಕ್ಕನ ಮುಖ ನೋಡಿದ. ಅಕ್ಕ ಅವನ ಪರವಾಗಿಯೇ ಉತ್ತರ ಕೊಟ್ಟಳು. ಅದಕ್ಕೇನಂತೆ ಮೇಡಂ, ಅಲ್ಲಿ ಬೇಕಾದಷ್ಟಿವೆ.

ಸಂಜೆ ಐದಕ್ಕೆ ಔಷಧಿ ಅಂಗಡಿಯವನು ದೊಡ್ಡ ಮರವನ್ನು ತಬ್ಬಿಕೊಂಡು ಮೆಟ್ಟಿಲಿಳಿದ. ಡಾಕ್ಟರಮ್ಮ ಚಿಕ್ಕದನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದರು. ಕಾರು ಹೊರಡುವ ಮುಂಚೆ ಗಾಜು ಇಳಿಸಿ, ಇದನ್ನ ನೋಡ್ಕೊಳ್ಳೋದು ನನಗೆ ಒಂದಿಷ್ಟೂ ಗೊತ್ತಿಲ್ಲ, ದಿನಾ ಬೆಳಿಗ್ಗೆ ಕೆಲಸಕ್ಕೆ ಬರೋವಾಗ ಮನೆಗೆ ಬಂದು ನೀರು ಹಾಕಿ ಹೋಗ್ತೀರಾ ಅಂತ ಕೇಳಿದರು.

ಹಾಕ್ತೀನಮ್ಮ ಅಂದ ಮೇಸ್ತ್ರಿ.

"ಹಾಗೇ ನಮ್ಮ ಅಂಗಡಿ ಕಡೆಗೂ ಬಂದುಹೋಗಿ," ಅಂದ ಔಷಧಿಯವನು, ಎಲೆಗಳ ಮಧ್ಯದಿಂದ.