ಒಂದು ಕೈಯ ಕ್ಯಾಮೆರಾ

ಚಿಂತೆ ಮಾಡಲು ವಿಷಯ ಸಿಗದ ದಿನ ನನಗೆ ಊಟ ಸೇರುವುದಿಲ್ಲ. ಏನೋ ಮರೆತಿದ್ದೇನೆ, ಅದು ಹಿಂದಿನಿಂದ ಬಂದು ಹಿಡಿಯುತ್ತದೆ ಅನ್ನಿಸುತ್ತದೆ. ಕೆಲವರು ಹುಟ್ಟಾ ಗಾಯಕರು, ಕೆಲವರು ಹುಟ್ಟಾ ಜಗಳಗಂಟರು. ನಾನು ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಬರಲೆಂದೇ ಹುಟ್ಟಿದವನು. ಇಂಥವನಿಗೆ ನಲವತ್ತಾರನೆಯ ವಯಸ್ಸಿನಲ್ಲಿ, ಮದುವೆಯಾಗಿ ಮೂರು ವರ್ಷಕ್ಕೆ, ಒಂದು ಹೆಣ್ಣು ಮಗು ಹುಟ್ಟಿದರೆ ಏನಾದೀತು? ಅಂಥದ್ದೇನೂ ಆಗಲಿಲ್ಲ. ನಾನು ಹಗುರವಾದ ಕ್ಯಾಮೆರಾ ಹುಡುಕಲು ಹೊರಟೆ, ಅಷ್ಟೆ.

ಸಾಲಿಗ್ರಾಮದ ಹತ್ತಿರದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವುದು ನನ್ನ ಕೆಲಸ, ಫೋಟೋ ತೆಗೆಯುವುದು ಇಪ್ಪತ್ತು ವರ್ಷದ ಚಟ. ತ್ರಾಸಿ ಬೀಚಿನ ಅಲೆಗಳು ನನಗೆ ಕೊಟ್ಟಷ್ಟು ಸಲ ಯಾರಿಗೂ ಪೋಸು ಕೊಟ್ಟಿರಲಾರವು. ಕ್ಯಾಮೆರಾ, ಮೊಣಕೈ ಉದ್ದದ ಲೆನ್ಸು, ಫ್ಲಾಶು ಎಲ್ಲ ಸೇರಿ ನನ್ನ ಚೀಲದ ತೂಕ ಎರಡು ಕಿಲೋ ನಾನೂರು ಗ್ರಾಮ್. ಮಗಳು ತಿಂಗಳು ತುಂಬುವ ಮೊದಲೇ ಅವಸರ ಮಾಡಿ ಹುಟ್ಟಿದಳು. ಅವಳ ತೂಕ ಒಂದು ಕಿಲೋ ಒಂಬೈನೂರು. ಅಂದರೆ ನನ್ನ ಚಟ ನನ್ನ ಮಗಳಿಗಿಂತ ಅರ್ಧ ಕಿಲೋ ಮುಂದಿತ್ತು. ಆಸ್ಪತ್ರೆಯಲ್ಲಿ ನರ್ಸಮ್ಮ ಬಟ್ಟೆಯಲ್ಲಿ ಸುತ್ತಿದ ಆ ಸಣ್ಣ ಗಂಟನ್ನು ತಂದು, "ಎತ್ಕೊಳ್ಳಿ ಸಾರ್" ಎಂದರು. ಒಳಗಿಂದ ಒಂದು ಕೈ ಹೊರಬಂದಿತ್ತು, ನನ್ನ ಹೆಬ್ಬೆರಳಿನಷ್ಟು. ಇದನ್ನು ಹಿಡಿಯುವುದೆಲ್ಲಿ? ಒತ್ತಿದರೆ ಮುರಿದೀತು, ಸಡಿಲ ಬಿಟ್ಟರೆ ಬಿದ್ದೀತು. "ಒಂದ್ನಿಮಿಷ, ಫೋಟೋ" ಎಂದು ಕ್ಯಾಮೆರಾ ಎತ್ತಿದೆ. ಆ ಒಂದು ನಿಮಿಷ ಎರಡೂವರೆ ತಿಂಗಳು ನಡೆಯಿತು. ಅಷ್ಟರಲ್ಲಿ ಒಂಬೈನೂರು ಫೋಟೋ ತೆಗೆದೆ. ಮಗುವನ್ನು ಒಮ್ಮೆಯೂ ಎತ್ತಲಿಲ್ಲ.

ಹೆಂಡತಿ ಶಶಿಯ ಬಾಣಂತನ ಕೋಡಿಯ ತವರಿನಲ್ಲಿ. ಶಾಲೆ ಬಿಟ್ಟೊಡನೆ ನಾನು ಚೀಲ ಹೆಗಲಿಗೇರಿಸಿ ಅಲ್ಲಿಗೆ ಹೋಗುತ್ತಿದ್ದೆ. ಅತ್ತೆ ಮೂವತ್ತು ವರ್ಷ ಮೀನು ಮಾರಿದವರು. ಅಂಜಲ್ ಮೀನನ್ನು ಬಾಲ ಹಿಡಿದು ಎತ್ತಿದರೆ ಸಾಕು, ತಕ್ಕಡಿಗಿಂತ ಮೊದಲು ತೂಕ ಹೇಳುತ್ತಾರೆ. ತಕ್ಕಡಿ ಬೇರೆ ಹೇಳಿದರೆ ತಕ್ಕಡಿಯನ್ನು ರಿಪೇರಿಗೆ ಕಳಿಸುತ್ತಾರೆ. ಸಂಜೆ ಮಗುವನ್ನು ಮೀಯಿಸಿ ಒರೆಸಿದ ಮೇಲೆ ಎರಡು ಅಂಗೈಯಲ್ಲಿಟ್ಟು ಒಮ್ಮೆ ಮೇಲೆ ಕೆಳಗೆ ಮಾಡಿ, "ಹೋದ್ವಾರಕ್ಕಿಂತ ಒಂದ್ ಬಂಗ್ಡಿಯಷ್ಟ್ ಏರಿತ್ತ್" ಎನ್ನುತ್ತಿದ್ದರು. ಆ ಬಂಗಡೆ ಮೀನಿನ ತೂಕದ ಸುದ್ದಿ ಕಿವಿಗೆ ಬೀಳದೆ ನಾನು ಸಾಲಿಗ್ರಾಮದ ಬಸ್ಸು ಹತ್ತುತ್ತಿರಲಿಲ್ಲ. ಒಂದು ಸಂಜೆ ಅವರು ತೂಕ ಹೇಳದೆ ಮಗುವನ್ನು ಶಶಿಯ ಮಡಿಲಿಗೆ ಹಾಕಿಬಿಟ್ಟರು. ನಾನು ಚಾ ಆರುವವರೆಗೂ ಲೋಟ ಹಿಡಿದುಕೊಂಡೇ ಕೂತಿದ್ದೆ. ಕೇಳಿದರೆ, "ಅಯ್ಯ, ಮರ್ತೇ ಹೋಯ್ತ್ ಮಾಷ್ಟ್ರೇ" ಎಂದು ನಕ್ಕರು.

ಅವರೇ ಒಂದು ದಿನ ನನ್ನನ್ನು ಹಿಡಿದು ನಿಲ್ಲಿಸಿದರು. "ಎಂತ ಮಾಷ್ಟ್ರೇ, ಮದ್ವಿ ಮನಿಗೆ ಫೋಟೋದವ್ರ್ ಬಂದ್ಹಾಂಗೆ ಬತ್ರಿ, ತೆಗೀತ್ರಿ, ಚಾ ಕುಡ್ದ್ ಹೋತ್ರಿ. ಮಗಿನ್ ಒಂಚೂರ್ ಎತ್ಕಂಬುಕ್ ಆತಿಲ್ಯಾ?"

ನನಗೆ ತಟ್ಟನೆ ಹೊಳೆದದ್ದು ಇಷ್ಟು: "ಎತ್ಕಂಬುಕ್ ಮನಸ್ಸಿತ್ತ್ ಅತ್ತೆ, ಈ ಕ್ಯಾಮೆರಾಕ್ಕೆ ಎರಡೂ ಕೈ ಬೇಕಲೆ. ಹಗೂರದ್ ಒಂದ್ ತಕಂತೆ. ಆಗ ಒಂದ್ ಕೈಯಗೆ ಅದ್, ಒಂದ್ ಕೈಯಗೆ ಮಗು."

ಹೇಳಿದ ಮೇಲೆ ಹುಡುಕಲೇಬೇಕಲ್ಲ. ಹುಡುಕಲು ಕೂತ ಮೇಲೆ ತಿಳಿಯಿತು, ಚಿಂತೆಗೆ ಇಷ್ಟು ಫಲವತ್ತಾದ ಗದ್ದೆ ಇನ್ನೊಂದಿಲ್ಲ. ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯ ಕ್ಯಾಮೆರಾಗಳು ಹಗುರ, ಸರಿ. ಆದರೆ ಜೂಮ್ ತಿರುಗಿಸಲು ಇನ್ನೊಂದು ಕೈ ಬೇಕು. ಆದ್ದರಿಂದ ಜೂಮ್ ಬೇಡ, ಬೇಕಾದರೆ ನಾನೇ ಎರಡು ಹೆಜ್ಜೆ ಮುಂದೆ ಹೋಗುವುದು. ಕ್ಲಿಕ್ಕೆಂದರೆ ಮಗು ಎದ್ದೀತು. ಆದ್ದರಿಂದ ಸದ್ದಿಲ್ಲದ್ದೇ ಬೇಕು. ಜೇಬಿನಲ್ಲಿ ಹಿಡಿಯಬೇಕು, ಏಕೆಂದರೆ ಚೀಲದ ತುಂಬ ಇನ್ನು ಮುಂದೆ ಲಂಗೋಟಿಗಳು. ಮುಚ್ಚಳಕ್ಕೆ ಎಷ್ಟು ಗ್ರಾಮ್, ಬ್ಯಾಟರಿಗೆ ಎಷ್ಟು ಎಂದು ಕಂಪನಿಯವರೇ ಯೋಚಿಸಿರದ ಪ್ರಶ್ನೆಗಳನ್ನೆಲ್ಲ ಯೋಚಿಸಿದೆ. ಕುತ್ತಿಗೆಯ ಬೆಲ್ಟಿನ ಭಾರ ಎಷ್ಟೆಂದು ಅತ್ತೆಯ ಮೀನಿನ ತಕ್ಕಡಿಯಲ್ಲಿಟ್ಟು ನೋಡಿದೆ. ಆ ಬೆಲ್ಟಿಗೆ ಮೂರು ಬೆಕ್ಕುಗಳು ಇಂದಿಗೂ ಅಭಿಮಾನಿಗಳು. ಒಂದು ಕಡೆ ಗ್ರಾಮ್ ಇಳಿಸಲು ಒದ್ದಾಟ, ಇನ್ನೊಂದು ಕಡೆ ಗ್ರಾಮ್ ಏರಲಿ ಎಂದು ದೇವರಿಗೆ ಹರಕೆ. ಎರಡೂ ಅರ್ಜಿ ಒಟ್ಟಿಗೆ ಕಂಡು ದೇವರಿಗೂ ಗಲಿಬಿಲಿಯಾಗಿರಬೇಕು.

"ಹ್ವಾಯ್, ನಿಮ್ ಕ್ಯಾಮೆರಾ ಸಿಕ್ಕುವತ್ತಿಗೆ ಇದ್ ಶಾಲಿಗ್ ಹೋತ್ತ್" ಎಂದಳು ಶಶಿ. ನಿಜ ಹೇಳುತ್ತೇನೆ, ನನಗೆ ಬೇಕಾಗಿದ್ದದ್ದೂ ಅದೇ. ಶಾಲೆಗೆ ಹೋಗುವ ಮಗುವನ್ನು ಎತ್ತಬೇಕಾಗಿಲ್ಲ, ಬೆರಳು ಹಿಡಿದರೆ ಸಾಕು.

ಚುಚ್ಚುಮದ್ದಿನ ದಿನ ಮಗುವನ್ನು ಕರೆದುಕೊಂಡು ನಾವು ಮೂವರೂ ಕುಂದಾಪುರಕ್ಕೆ ಹೋದೆವು. ಆಸ್ಪತ್ರೆಯ ತೂಕದ ಮಷೀನು ನಾಲ್ಕು ಕಿಲೋ ನೂರು ಎಂದಿತು. ನನಗೆ ನಂಬಿಕೆ ಬರಲಿಲ್ಲ, ಮಷೀನಿನ ಅಡಿಯಲ್ಲಿ ಏನಾದರೂ ಸಿಕ್ಕಿಕೊಂಡಿದೆಯೋ ಎಂದು ಬಗ್ಗಿ ನೋಡಿದೆ. ಜ್ವರದ ಔಷಧಿಗೆಂದು ಶಶಿ ಮೆಡಿಕಲ್ ಶಾಪಿನ ಸಾಲಿನಲ್ಲಿ ನಿಂತಳು. ಅಳುವ ಮಗು ಅತ್ತೆಯ ಹೆಗಲ ಮೇಲೆ. ಚೀಲವನ್ನು ಮನೆಯಲ್ಲೇ ಬಿಟ್ಟು ಬಂದಿದ್ದರಿಂದ ನನ್ನ ಎರಡೂ ಕೈ ಅಂದು ಖಾಲಿ ಇದ್ದವು. ಹಾಗೆ ನಿಲ್ಲುವುದು ಅಪಾಯ ಎಂದುಕೊಂಡು, ಪಕ್ಕದಲ್ಲೇ ಕಂಡ ಕ್ಯಾಮೆರಾ ಅಂಗಡಿಗೆ ನುಗ್ಗಿದೆ. ಅತ್ತೆಯೂ ಹಿಂದೆಯೇ ಬಂದರು.

"ಮೊಮ್ಮಗಳಾ ಸಾರ್?" ಎಂದು ನನ್ನನ್ನು ಕೇಳಿದ ಅಂಗಡಿಯಾತ.

"ಹೌದ್, ನನ್ ಮೊಮ್ಮಗಳ್. ಇವ್ರ್ ಅದ್ರ್ ಅಪ್ಪಯ್ಯ" ಎಂದು ಅತ್ತೆ ಮಾನ ಉಳಿಸಿದರು.

ಅವನು ಮೂರು ಕ್ಯಾಮೆರಾ ಗಾಜಿನ ಮೇಲಿಟ್ಟ. ನಾನು ಕನ್ನಡಕ ಹುಡುಕುವಷ್ಟರಲ್ಲಿ ಅತ್ತೆ ಒಂದೊಂದನ್ನೇ ಬಲ ಅಂಗೈಯಲ್ಲಿಟ್ಟು ತೂಗಿದರು. "ಇದ್ ಮುಕ್ಕಾಲ್ ಕೆಜಿ. ಇದ್ ಅರ್ಧಕ್ ಸಮ. ಇದ್ ಕಾಣಿ, ಎರಡ್ ಬಂಗ್ಡಿ, ಜಾಸ್ತಿ ಇಲ್ಲೆ." ಆಮೇಲೆ ಅದರ ಬ್ಯಾಟರಿಯ ಬಾಗಿಲನ್ನು ಉಗುರಿನಿಂದ ಎತ್ತಿ, ಮೀನಿನ ಕಿವಿರು ನೋಡುವ ಹಾಗೆ ಒಳಗೆ ಇಣುಕಿ, "ತಾಜಾ ಹೌದಾ, ಐಸಿನಗೆ ಇಟ್ಟದ್ದಾ?" ಎಂದರು.

"ತಾಜಾವೇ ಅಮ್ಮ, ಪೆಟ್ಗಿ ಇವತ್ತೇ ಒಡದ್ದ್" ಎಂದು ಅವನೂ ಗಂಭೀರವಾಗಿಯೇ ಉತ್ತರಿಸಿ, ಅದನ್ನು ನನ್ನ ಬಲಗೈಗೆ ಕೊಟ್ಟ. "ಕಾಣಿ ಸಾರ್, ಒಂದೇ ಕೈ ಸಾಕ್. ಇನ್ನೊಂದ್ ಕೈ ಆರಾಮ್ ಖಾಲಿ."

"ಖಾಲಿಯಾ?" ಎಂದರು ಅತ್ತೆ. ನಾನು ಬಾಯಿ ತೆರೆಯುವ ಮೊದಲೇ ಆ ಖಾಲಿ ಕೈಗೆ ಮಗು ಬಂತು.

ಕ್ಯಾಮೆರಾವನ್ನು ಗಾಜಿನ ಮೇಲೆ ಇಟ್ಟೆನೋ, ಎಸೆದೆನೋ ನೆನಪಿಲ್ಲ. ಎರಡೂ ಕೈ ಮಗುವಿನ ಸುತ್ತ ಇದ್ದವು. "ಅತ್ತೆ, ಜಾರ್ತಾ ಇತ್ತ್!" ಎಂದೆ. "ಕುತ್ಗಿ ಅಡಿಗ್ ಕೈ ಕೊಡಿ. ಹಾಂ, ಹಾಂಗೆ. ಮೀನಲ್ಲ ಅದ್, ಜಾರಿ ಹೋಪುಕೆ" ಎಂದು ಅವರು ಸೆರಗಿನಿಂದ ಮುಖ ಒರೆಸಿಕೊಂಡು ಸ್ಟೂಲಿನ ಮೇಲೆ ಕೂತೇಬಿಟ್ಟರು. ಮಗು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಯಾರೋ ಗೊತ್ತಿರುವವರೇ ಇರಬೇಕು ಎಂದು ತೀರ್ಮಾನಿಸಿದಂತೆ, ಅಂಗಿಯ ಜೇಬಿಗೆ ಬಾಯಿ ಹಾಕಿ ಚೀಪತೊಡಗಿತು.

ಭಾರವೇ ಅನ್ನಿಸಲಿಲ್ಲ ಎಂದು ಬರೆದರೆ ಚೆಂದ ಕಾಣುತ್ತದೆ, ಆದರೆ ಸುಳ್ಳು. ಭಾರವಿತ್ತು. ಐದು ನಿಮಿಷಕ್ಕೆ ಮೊಣಕೈ ಜೋಮು ಹಿಡಿಯಿತು. ಔಷಧಿಯ ಬಾಟಲಿ ಹಿಡಿದು ಬಂದ ಶಶಿ ಅಂಗಡಿಯ ಮೆಟ್ಟಿಲಲ್ಲೇ ನಿಂತುಬಿಟ್ಟಳು. "ಶಶಿ, ಇದ್ ಸಮಾ ಭಾರ ಇತ್ತ್ ಮಾರಾಯ್ತಿ!" ಎಂದೆ, ಯಾವುದೋ ಬಹುಮಾನ ಬಂದವನ ಹಾಗೆ. "ಈಗ ಗೊತ್ತಾಯ್ತಾ?" ಎಂದವಳು ಆ ಕಡೆ ತಿರುಗಿ, ರಸ್ತೆಯಲ್ಲಿ ಏನೂ ಇಲ್ಲದಿದ್ದರೂ ತುಂಬ ಹೊತ್ತು ನೋಡಿದಳು.

ಎರಡು ಬಂಗಡೆಯ ಆ ಕ್ಯಾಮೆರಾವನ್ನೇ ಕೊಂಡೆವು. ಆದರೆ ಒಂದು ಕೈಯಲ್ಲಿ ಮಗು ಹಿಡಿಯುವ ಧೈರ್ಯ ನನಗೆ ಇಂದಿಗೂ ಬಂದಿಲ್ಲವಾದ್ದರಿಂದ ಅದನ್ನು ಹೆಚ್ಚಾಗಿ ಬಳಸುವವರು ಅತ್ತೆ. ಅವರು ತೆಗೆದ ಯಾವ ಫೋಟೋದಲ್ಲೂ ನನಗೆ ತಲೆ ಇಲ್ಲ. ಕೇಳಿದರೆ, "ತಲೆ ತೆಗ್ದೇ ಕೊಡುದ್ ಅಭ್ಯಾಸ ಆಯ್ ಹೋಯ್ತ್ ಮಾಷ್ಟ್ರೇ" ಎನ್ನುತ್ತಾರೆ. ಮುಂದೆ ಮಗಳು ಇದು ಯಾರೆಂದು ಕೇಳಿದರೆ ಏನು ಹೇಳುವುದು ಎಂದು ನಾನು ಕೊರಗುತ್ತಿದ್ದಾಗ ಶಶಿ ಒಂದು ಫೋಟೋವನ್ನು ಹತ್ತಿರ ಹಿಡಿದು, "ತಲೆ ಇಲ್ದಿರೆ ಎಂತ? ಎರಡೂ ಕೈ ಕಾಣ್ತಲೆ" ಎಂದಳು.

ಕಾಣುತ್ತವೆ, ಹೌದು. ಆದರೆ ಎಡಗೈ ಸ್ವಲ್ಪ ಮಸುಕಾಗಿದೆ. ಲೆನ್ಸಿನಲ್ಲೇ ಏನೋ ದೋಷವಿರಬಹುದೇ ಎಂದು ನೋಡುತ್ತಿದ್ದೇನೆ.